ಮಳೆ ಕಾಯುವ ಕಾಗದದ ಮಂಗಟ್ಟೆ

ಕಾಫಿ ಒಣಗಿಸುವ ನಮ್ಮ ಕಣದ ಮೇಲೆ ಇನ್ನು ಒಂದು ಹನಿಯೂ ನನಗೆ ತಿಳಿಸದೆ ಬೀಳಕೂಡದು ಎಂದು ಜನವರಿಯ ಮೊದಲ ವಾರ ತೀರ್ಮಾನಿಸಿದೆ. ಕಾಗದದ ಕೆಲಸದಲ್ಲಿ ಆಗಲೇ ನನ್ನ ಕೈ ಪಳಗಿತ್ತು. ಮೊಬೈಲಿನಲ್ಲಿ ನೋಡಿ ನೋಡಿ ತಾವರೆ ಮಾಡಿದ್ದೆ, ತೆರೆದರೆ ದೀಪ ಹತ್ತುವ ಶುಭಾಶಯ ಪತ್ರ ಮಾಡಿದ್ದೆ. ಅದನ್ನು ಓರಗಿತ್ತಿಯ ಗೃಹಪ್ರವೇಶಕ್ಕೆ ಕೊಟ್ಟಾಗ ಅರ್ಧ ಮೂಡಿಗೆರೆ ಅದನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಊಟಕ್ಕೆ ಮೊದಲೇ ಬ್ಯಾಟರಿ ಮುಗಿಸಿತ್ತು. ಇಂಥ ಪ್ರತಿಭೆ ತೋಟದ ಮನೆಯಲ್ಲಿ ಕೊಳೆಯಬಾರದು!

ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ಮಳೆ ಕಾಯುವ ಕೆಲಸ ಅತ್ತೆ ಕೃಷ್ಣಮ್ಮನವರದು. ಒಣಗಲು ಹರಡಿದ ಕಾಫಿಯ ಅಂಚಿನಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂರುತ್ತಾರೆ; ಕಣ್ಣು ದೇವರಮನೆ ಗುಡ್ಡದ ಮೇಲೆ. ಗುಡ್ಡ ಮಸುಕಾದರೆ "ಮುಚ್ಚಿ" ಎನ್ನುತ್ತಾರೆ. ಆಗ ಉಣ್ಣುತ್ತಿರುವವರು, ಸ್ನಾನಕ್ಕೆ ಹೊರಟವರು, ಎಲ್ಲರೂ ಓಡಿ ಕಾಫಿ ಒಟ್ಟಿ ಟಾರ್ಪಾಲು ಎಳೆಯಬೇಕು. ನಲವತ್ತು ವರ್ಷದಿಂದ ಹೀಗೇ ನಡೆದಿದೆ.

ಎಪ್ಪತ್ತಾರರ ಅತ್ತೆ ಬಿಸಿಲಲ್ಲಿ ಕೂರುವುದು ಕಂಡು ನನ್ನ ಕರುಳು ಚುರ್ ಎಂದಿತು. ನಿಜ ಹೇಳಬೇಕೆಂದರೆ, ಕರುಳಿಗಿಂತ ಕೈ ಹೆಚ್ಚು ತುರಿಸುತ್ತಿತ್ತು.

ಹಳೆಯ ಲಗ್ನಪತ್ರಿಕೆಗಳ ರಟ್ಟಿನಿಂದ ಒಂದು ಮಂಗಟ್ಟೆ ಹಕ್ಕಿ ಮಾಡಿದೆ. ದೊಡ್ಡ ಹಳದಿ ಕೊಕ್ಕು, ಕಣ್ಣಿಗೆ ಎರಡು ಕೆಂಪು ಎಲ್‌ಇಡಿ, ಹೊಟ್ಟೆಯೊಳಗೆ ಬ್ಯಾಟರಿ ಮತ್ತು ಬಜರ್. ಬೆನ್ನ ಮೇಲೆ ಚಪಾತಿ ಸುತ್ತುವ ಬೆಳ್ಳಿ ಹಾಳೆಯ ಎರಡು ಪಟ್ಟಿ, ಅವುಗಳ ನಡುವೆ ಉಪ್ಪುನೀರಲ್ಲಿ ಅದ್ದಿ ಒಣಗಿಸಿದ ಟಿಶ್ಯೂ ಕಾಗದ. ಕಾಗದ ಒಣಗಿದ್ದಷ್ಟು ಹೊತ್ತು ಹಕ್ಕಿ ಮೌನಿ. ಒದ್ದೆಯಾದರೆ ಕರೆಂಟು ಹರಿದು ಕಿರುಚುತ್ತದೆ. ಎಲ್ಲರ ಮುಂದೆ ಎರಡು ಹನಿ ಚಿಮುಕಿಸಿ ತೋರಿಸಿದೆ. ಅಂಗಳದ ಕೋಳಿಗಳು ಬೇಲಿ ದಾಟಿದವು.

"ಇನ್ನು ನೀವು ಬಿಸಿಲಲ್ಲಿ ಕೂರೋದು ಬೇಡ ಅತ್ತೆ. ಒಳಗೆ ಆರಾಮಾಗಿ ಟಿವಿ ನೋಡಿ."

"ಗುಡ್ಡ ಯಾರು ನೋಡ್ತಾರೆ?"

"ಯಾರೂ ನೋಡೋದು ಬೇಡ. ಹನಿ ಬಿದ್ರೆ ಇದೇ ಕೂಗುತ್ತೆ."

"ಹನಿ ಬಿದ್ಮೇಲಾ?" ಎಂದರು ಅತ್ತೆ. ಉತ್ತರಕ್ಕೆ ಕಾಯದೆ ಕುರ್ಚಿ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಗಿನ ಜಾವವೇ, ಕಣದ ಅಂಚಿನಲ್ಲಿಟ್ಟಿದ್ದ ಮಂಗಟ್ಟೆ ಕಿರುಚಿತು. ನನ್ನ ಗಂಡ ವಿಶ್ವನಾಥ್ ಕಂಬಳಿ ಸಮೇತ ಕಣಕ್ಕೆ ಹಾರಿದರು. ಮಳೆಯಿಲ್ಲ; ಬರೀ ಮಂಜು. ಸಂಜೆಯೇ ಒಟ್ಟಿ ಮುಚ್ಚಿದ್ದ ಕಾಫಿ ಟಾರ್ಪಾಲಿನಡಿ ಅವರಿಗಿಂತ ಬೆಚ್ಚಗಿತ್ತು.

"ಇಬ್ಬನಿಗೂ ಮಳೆಗೂ ವ್ಯತ್ಯಾಸ ಗೊತ್ತಿಲ್ವಲ್ಲೆ ಮಾರಾಯ್ತಿ, ನಿನ್ನ ಹಕ್ಕಿಗೆ," ಎಂದರು.

"ಚಿಕ್ಕದು. ಕಲಿಯುತ್ತೆ."

ಆದರೆ ಇಬ್ಬನಿಗೆ ಕೊಕ್ಕು ಜೋತುಬಿದ್ದಿತ್ತು. ಎರಡು ದಿನದ ಶ್ರಮ! ಕೊಕ್ಕಿಗೆ ಅಂಟು ಹಾಕಿ, ಟಿಶ್ಯೂ ಒಣಗಿಸಿ, ಇನ್ನು ನೆನೆಯದಂತೆ ಸೂರಿನ ಕೆಳಗೆ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಆಮೇಲೆ ಅದು ಒಮ್ಮೆಯೂ ಸುಳ್ಳು ಹೇಳಲಿಲ್ಲ. ಮೂರು ದಿನ ಗಂಡನ ಮುಂದೆ ತಲೆಯೆತ್ತಿ ನಡೆದೆ.

ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅತ್ತೆ ತುತ್ತು ನಿಲ್ಲಿಸಿದರು.

"ಸೆಖೆ ಬೇರೆ ಥರ ಇದೆ. ವಿಶ್ವ, ಗುಡ್ಡದ ಕಡೆ ಒಂಚೂರು ನೋಡೋ."

"ಮಂಗಟ್ಟೆ ಕೂಗಿಲ್ವಲ್ಲ ಅತ್ತೆ. ನೀವು ಊಟ ಮಾಡಿ," ಎಂದೆ.

ಅವರು ಅನ್ನ ಕಲಸಿದರು, ಬಾಯಿಗಿಡಲಿಲ್ಲ. ನಾನು ಮಜ್ಜಿಗೆ ಬಡಿಸುವಷ್ಟರಲ್ಲಿ ಹೆಂಚಿನ ಮೇಲೆ ಮಳೆ ಧೋ ಎಂದಿತು.

ಎಂಜಲು ಕೈಯಲ್ಲೇ ಓಡಿದೆವು. ಟಾರ್ಪಾಲು ಎಳೆಯುವಷ್ಟರಲ್ಲಿ ಅರ್ಧ ಕಣದ ಕಾಫಿ ನೆನೆದಿತ್ತು. ಸೂರಿನಡಿ ಮಂಗಟ್ಟೆ ಬೆಚ್ಚಗೆ, ಒಣಗಿ, ಕೊಕ್ಕು ನೆಟ್ಟಗೆ ಇಟ್ಟುಕೊಂಡು ನಮ್ಮನ್ನೇ ನೋಡುತ್ತಿತ್ತು. ಮಳೆಯ ಕಾವಲಿಗೆ ಇಟ್ಟದ್ದನ್ನು ಮಳೆ ತಾಗದ ಹಾಗೆ ಕಾಪಾಡಿದವಳು ನಾನು.

ಒದ್ದೆ ಕಾಫಿಯನ್ನು ಜಗಲಿ, ನಡುಮನೆ, ಕೊನೆಗೆ ನಮ್ಮ ಮಂಚದ ಮೇಲೂ ಹರಡಿ ಫ್ಯಾನು ಹಾಕಿದೆವು. ಕಾಫಿಗಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು, ನಲವತ್ತು ವರ್ಷ ಆಕಾಶ ಓದಿದವರಿಗೆ 'ಊಟ ಮಾಡಿ' ಎಂದ ನನ್ನ ಮಾತು.

ಬೆಳಿಗ್ಗೆ ಕುರ್ಚಿಯನ್ನು ನಾನೇ ಒರೆಸಿ ಕಣದ ಅಂಚಿಗಿಟ್ಟೆ. ಮಂಗಟ್ಟೆಯನ್ನು ಒಲೆಗೆ ಹಾಕಲು ಹೊರಟೆ.

"ಸುಡ್ಬೇಡ. ನನ್ನ ಹತ್ರ ಇರ್ಲಿ," ಎಂದು ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡರು.

ಮೂರು ಗಂಟೆಯ ಹೊತ್ತಿಗೆ "ಮುಚ್ಚಿ" ಎಂದರು. ಆಕಾಶ ನನ್ನ ಕಣ್ಣಿಗೆ ಶುಭ್ರವಾಗಿತ್ತು. ಬಾಯಿ ಬಿಡದೆ ಓಡಿದೆ. ಕೊನೆಯ ಟಾರ್ಪಾಲಿನ ಮೇಲೆ ಕಲ್ಲಿಟ್ಟೆವು, ಮಳೆ ಬಂತು. ಒಂದು ಕಾಳೂ ನೆನೆಯಲಿಲ್ಲ.

ಎಲ್ಲರಿಗಿಂತ ಕೊನೆಗೆ ಅತ್ತೆ ಜಗಲಿ ಹತ್ತಿದರು. ಅಡಿಯಿಂದ ಮುಡಿಯವರೆಗೆ ತೊಯ್ದಿದ್ದರು. ಸೆರಗಿನೊಳಗೆ ಏನನ್ನೋ ಅವುಚಿಕೊಂಡಿದ್ದರು.

"ಏನತ್ತೆ ಅದು?"

"ನಿನ್ನ ಹಕ್ಕಿ. ಕಾಗದದ್ದಲ್ವಾ, ಪಾಪ, ನೆನೀಬಾರ್ದು."

ಒದ್ದೆ ಸೆರಗಿನೊಳಗಿಂದ ಅಷ್ಟರಲ್ಲಿ ಮಂಗಟ್ಟೆ ಕಿರುಚತೊಡಗಿತು. ಅತ್ತೆ ಅದನ್ನು ಹೊರತೆಗೆದು, ಮಿನುಗುವ ಕೆಂಪು ಕಣ್ಣನ್ನು ನೋಡಿ, ತಲೆ ಸವರಿದರು.

"ಆಯ್ತು ಮಾರಾಯ, ಮುಚ್ಚಿ ಆಯ್ತು. ಇನ್ನು ಮಲಗು."