ಎಲ್ಲರಿಗೂ ಒಂದೇ ಒಳ್ಳೆಯ ಮಾತು

ಟೊಕ್ತೊಸುನ್ ಮೇಷ್ಟ್ರ ಗ್ರಹಚಾರ ಶುರುವಾದದ್ದು ನರೀನ್ ಪೇಟೆಯಲ್ಲಿ ನಡೆದ ಶಿಕ್ಷಕರ ತರಬೇತಿಯಿಂದ. ಬೆಳಿಗ್ಗೆ ಭಾಷಣ ಮಾಡಿದವರು, ಪದೇ ಪದೇ ಮಾಡುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸಿ, ಹೊರೆ ಹಗುರಾಗುತ್ತದೆ ಎಂದರು. ಮಧ್ಯಾಹ್ನ ಬಂದವರು, ಪ್ರತಿಯೊಂದು ಮಗುವಿನ ಜೊತೆಗೂ ಮನಸ್ಸು ಬಿಚ್ಚಿ ಮಾತಾಡಿ, ದಾರಿ ತೋರಿಸುವವನೇ ಗುರು ಎಂದರು. ಊಟಕ್ಕೆ ಕುರಿ ಪಲಾವು ಹೆಚ್ಚಾಗಿ ತೂಕಡಿಸುತ್ತಿದ್ದ ಮೇಷ್ಟ್ರ ತಲೆಯಲ್ಲಿ ಎರಡೂ ಉಪದೇಶಗಳು ಗಂಟುಬಿದ್ದವು.

ಮರುದಿನ ಬೆಳಿಗ್ಗೆ, ಒಲೆಯ ಕಲ್ಲಿದ್ದಲು ಹೊತ್ತಿಕೊಳ್ಳುವಷ್ಟರಲ್ಲಿ, ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದು ಗಂಟಲು ಸರಿಮಾಡಿಕೊಂಡರು.

"ಮಗೂ, ನಿನ್ನನ್ನ ತುಂಬ ದಿನದಿಂದ ಗಮನಿಸ್ತಾ ಇದೀನಿ. ನಿನ್ನಲ್ಲಿ ಇರೋದು ಈ ತರಗತೀಲಿ ಬೇರೆ ಯಾರಲ್ಲೂ ಇಲ್ಲ. ನಾನು ಬೈದದ್ದನ್ನೆಲ್ಲ ಮನಸ್ಸಲ್ಲಿ ಇಟ್ಕೋಬೇಡ. ಚೆನ್ನಾಗಿ ಬಾಳು. ಇದು ನಮ್ಮಿಬ್ಬರಲ್ಲೇ ಇರ್ಲಿ."

ಅದೇ ಮಾತನ್ನು ಹತ್ತನೇ ತರಗತಿಯ ಎಲ್ಲರ ಫೋನಿಗೂ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಳಿಸಿ, ಇಡೀ ವರ್ಷದ ಕೆಲಸ ಮುಗಿಸಿದವರಂತೆ ಚಹಾ ಹೀರಿದರು.

"ಯಾರ ಹತ್ರ ಅಷ್ಟು ಮೆತ್ತಗೆ ಮಾತಾಡಿದ್ದು?" ಎಂದಳು ಹೆಂಡತಿ.

"ಶಾಲೆ ಕೆಲಸ ಕಣೇ."

"ನನ್ನನ್ನೂ ಶಾಲೆಗೆ ಸೇರಿಸಿಬಿಡಿ ಹಾಗಾದ್ರೆ."

ದಿನವೂ ಕುರಿದೊಡ್ಡಿಯಂತೆ ಇರುತ್ತಿದ್ದ ತರಗತಿ ಆ ದಿನ ಹಿಮ ಬಿದ್ದ ಬಯಲಿನಂತೆ ನಿಶ್ಶಬ್ದವಾಗಿತ್ತು. ಮೇಷ್ಟ್ರ ಕುರ್ಚಿಯ ಮೇಲೆ ಯಾರೋ ದಿಂಬು ಇಟ್ಟಿದ್ದರು. ತರಬೇತಿ ಇಷ್ಟು ಬೇಗ ಫಲ ಕೊಟ್ಟೀತೆಂದು ಅವರು ಎಣಿಸಿರಲಿಲ್ಲ.

"ನಮ್ಮ ನರೀನ್ ನದಿ ಮುಂದೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು.

ತರಗತಿಯ ಮುಂದಾಳು ಎರ್ಮೆಕ್ ಎದ್ದುನಿಂತು ನೆಲ ನೋಡಿದ. "ಎಲ್ಲಾ ನದೀನೂ ಒಂದಲ್ಲ ಒಂದಿನ ಮುಗಿಯೋದೇ ಅಲ್ವಾ, ಅಗಾಯ್."

ಇನ್ನೊಂದು ದಿನವಾಗಿದ್ದರೆ ಅವನ ಕಿವಿ, ಊರೆಲ್ಲ ಅಗಾಯ್ ಎಂದು ಕರೆಯುವ ಮೇಷ್ಟ್ರ ಕೈಯಲ್ಲಿರುತ್ತಿತ್ತು. ಇವತ್ತು, "ಆಳವಾದ ಉತ್ತರ" ಎಂದು ಕೂರಿಸಿದರು.

ವಿರಾಮದ ಹೊತ್ತಿಗೆ ಎರ್ಮೆಕ್‌ನ ತಾಯಿ ಕಲಿಪಾ ಒಂದು ಪಾತ್ರೆ ಕುಮಿಸ್ ಹಿಡಿದು ಬಂದಳು. "ಈಗಷ್ಟೇ ಕುದುರೆ ಹಾಲು ಹುಳಿ ಬಂದಿದೆ, ಕುಡೀರಿ ಅಗಾಯ್. ನಮ್ಮ ಹುಡುಗ ಎಲ್ಲಾ ಹೇಳ್ದ." ಅವಳ ಹಿಂದೆಯೇ ಇನ್ನೊಬ್ಬಳು ಹಿಟ್ಟಿನ ತುಂಡುಗಳನ್ನು ಉಬ್ಬುವಂತೆ ಕರಿದ ಬೊರ್ಸೊಕ್ ತಂದಳು. ಮೂರನೆಯವಳು ಕುರಿಬಾಲದ ಕೊಬ್ಬನ್ನು ಕರಗಿಸಿ ಬಾಟಲಿಗೆ ತುಂಬಿ ತಂದಿದ್ದಳು. ಮೇಷ್ಟ್ರು ಮೂವರಿಗೂ ತಲೆಯಾಡಿಸಿದರು. ಆದರೆ ಮೂವರೂ ವರಾಂಡದಲ್ಲಿ ತಲೆಗೆ ತಲೆ ಕೂಡಿಸಿ ಮಾತಾಡುವುದನ್ನು ಕಂಡಾಗ, ಕುಮಿಸ್ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟರು. ಒಬ್ಬೊಬ್ಬಳೂ ತನ್ನ ಮಗುವೇ ಊರಿಗೊಂದು ರತ್ನವೆಂದು ನಂಬಿದ್ದಾಳೆ. ಮಾತಿಗೆ ಮಾತು ತಾಳೆಯಾದರೆ ಮೇಷ್ಟ್ರ ಟೊಪ್ಪಿ ತಲೆಯ ಮೇಲೆ ಉಳಿಯುವುದಿಲ್ಲ.

ಅವರು ಭೂಪಟಗಳ ಕೋಣೆಗೆ ನುಗ್ಗಿ, ಸುತ್ತಿಟ್ಟ ಏಷ್ಯಾ ಖಂಡದ ಹಿಂದೆ ನಿಂತರು.

ಶಾಲೆಯ ಉಪಮುಖ್ಯಸ್ಥೆ, ಊರಿಗೆಲ್ಲ ಅಕ್ಕನಾದ ಬುರುಲ್ ಎಜೆ, ಅಲ್ಲಿಗೂ ಹುಡುಕಿಕೊಂಡು ಬಂದಳು. ಜನ್ಮದಲ್ಲಿ ಯಾರನ್ನೂ ಮೆತ್ತಗೆ ಮಾತಾಡಿಸದ ಹೆಂಗಸು, "ತಮ್ಮಾ, ನಂಗೆಲ್ಲಾ ಗೊತ್ತಾಯ್ತು. ನಾಳೆಯಿಂದ ನಿನ್ನ ಪಾಠ ನಾನೇ ನೋಡ್ಕೋತೀನಿ. ನೀನು ಮನೇಲಿರು" ಎಂದಳು.

ಕೆಲಸ ಹೋಯಿತು ಎಂದುಕೊಂಡರು ಮೇಷ್ಟ್ರು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ ಮಕ್ಕಳ ಮುಖ. ನಂಬಿದ ಮಕ್ಕಳಿಗೆ ಮೋಸ ಮಾಡಿದೆನಲ್ಲ ಎಂಬ ನಾಚಿಕೆ ಕುತ್ತಿಗೆಯಿಂದ ಕಿವಿಯವರೆಗೂ ಬಿಸಿಯಾಗಿ ಏರಿತು. ಅವರು ನೆಟ್ಟಗೆ ತರಗತಿಗೆ ಹೋಗಿ ನಿಂತರು. ಬುರುಲ್ ಎಜೆಯೂ ತಾಯಂದಿರೂ ಬಾಗಿಲಲ್ಲಿ ಸೇರಿದರು.

"ಮಕ್ಕಳೇ, ಬೆಳಿಗ್ಗೆ ನಾನು ಒಂದೇ ಮಾತನ್ನ ಎಲ್ಲರಿಗೂ ಕಳಿಸ್ದೆ. ಕೆಲಸ ಸುಲಭ ಆಗ್ಲಿ ಅಂತ. ನನ್ನಿಂದ ತಪ್ಪಾಯ್ತು."

"ನಮಗೆ ಗೊತ್ತು ಅಗಾಯ್," ಎಂದ ಎರ್ಮೆಕ್. "ಶಾಲೆ ಬಾಗಿಲಲ್ಲೇ ಎಲ್ಲರ ಫೋನೂ ಒಟ್ಟಿಗೆ ಇಟ್ಟು ಕೇಳಿದ್ವಿ."

"ಹಾಗಾದ್ರೆ ಈ ಕುಮಿಸ್, ದಿಂಬು?"

ಎರ್ಮೆಕ್ ತಾಯಿಯ ಕಡೆ ನೋಡಿದ. ತಾಯಿ ನೀನೇ ಹೇಳು ಎಂಬಂತೆ ಗಲ್ಲ ಎತ್ತಿದಳು.

"ಐದು ವರ್ಷದಲ್ಲಿ ನೀವು ಯಾರಿಗೂ ಒಂದು ಒಳ್ಳೆ ಮಾತು ಆಡಿದ್ದಿಲ್ಲ, ಅಗಾಯ್. ಇವತ್ತು ಎಲ್ಲರಿಗೂ ಒಂದೇ ಸಲ ಆಡಿದ್ರಿ. ಬೈದದ್ದು ಮರೀರಿ, ಚೆನ್ನಾಗಿ ಬಾಳಿ ಅಂದ್ರಿ. ಅದಕ್ಕೇ..."

"ಅದಕ್ಕೇ?"

ಕಲಿಪಾ ತಡೆಯಲಾರದೆ ಕೇಳಿಬಿಟ್ಟಳು. "ಇನ್ನೆಷ್ಟು ದಿನ ಅಂದ್ರು ಡಾಕ್ಟ್ರು?"

ಮೇಷ್ಟ್ರಿಗೆ ನೆಲ ಬಿರಿದರೆ ಸಾಕೆನಿಸಿತು. ತಮ್ಮ ಬಾಯಿಂದ ಒಂದು ಸಿಹಿ ಮಾತು ಬಂದರೆ, ಊರು ಅದನ್ನು ಸಾವಿನ ಸೂಚನೆ ಎಂದು ತಿಳಿಯುತ್ತದೆ.

"ನನಗೇನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದೀನಿ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಅಲ್ಲಿಯವರೆಗೆ ಅವಳ ದನಿಯನ್ನು ಅವರು ಕೇಳಿಯೇ ಇರಲಿಲ್ಲ. "ಆರೋಗ್ಯವಾಗಿದ್ರೆ ಸಂತೋಷ ಅಗಾಯ್. ನನ್ನನ್ನ ತುಂಬ ದಿನದಿಂದ ಗಮನಿಸ್ತಾ ಇದೀನಿ ಅಂದ್ರಲ್ಲ, ನನ್ನ ಹೆಸರೇನು?"

ಆಫ್ರಿಕಾದ ನದಿಗಳ ಹೆಸರನ್ನೆಲ್ಲ ಗಿಣಿಯಂತೆ ಒಪ್ಪಿಸಬಲ್ಲ ಮೇಷ್ಟ್ರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಣ್ಣು ಒದ್ದೆಯಾಯಿತು.

"ಗೊತ್ತಿಲ್ಲಮ್ಮ. ಇಷ್ಟು ವರ್ಷ ಕೇಳ್ಳಿಲ್ಲ. ಕ್ಷಮಿಸು. ಏನು ನಿನ್ನ ಹೆಸರು?"

"ಊಲ್ಜಾನ್."

"ಊಲ್ಜಾನ್," ಎಂದು ಅವರು ಮೆಲ್ಲಗೆ ಹೇಳಿಕೊಂಡರು. ಆಮೇಲೆ ಪಕ್ಕದ ಹುಡುಗಿಯ ಹೆಸರು ಕೇಳಿದರು, ಅವಳ ಮುಂದಿನವನದನ್ನೂ ಕೇಳಿದರು.

ಬಾಗಿಲಲ್ಲಿ ಕಲಿಪಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ಬುರುಲ್ ಎಜೆಯ ಕಿವಿಗೆ ಬಾಗಿದಳು. "ಮುಲ್ಲಾಗೆ ಹೇಳಿ ಕಳಿಸಿ ಎಜೆ. ನೆನಪೂ ಹೋಗಿದೆ, ಕ್ಷಮೆನೂ ಕೇಳ್ತಾ ಇದಾರೆ. ಇನ್ನು ಬಹಳ ಹೊತ್ತಿಲ್ಲ."