ಎಳೆದಷ್ಟೂ ನೀರು

ಕಲ್ಲಬಾವಿಯ ಗೌರೀಶನಿಗೆ ಆ ದಿನ ಒದಗಿದ ಫಜೀತಿಗೆಲ್ಲ ಕಾರಣ ಒಂದು ಹೆಬ್ಬೆರಳು. ಅದೂ ಅವನದಲ್ಲ, ಎದುರುಮನೆಯ ಮೈಲಾರವ್ವನದು.

ಗೌರೀಶ ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೇ ದುಡಿಯುತ್ತಿದ್ದಾನೆ. ಪ್ರತಿ ವರ್ಷ ಗುತ್ತಿಗೆ ಮುಗಿಯುವ ತಿಂಗಳು ಬಂತೆಂದರೆ ಅವನಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಈ ಸಲವಂತೂ ಮೇಲಿನ ಆಫೀಸಿನವರು, 'ನಿಮ್ಮಲ್ಲಿ ಆಪರೇಟರ್ ಯಾಕೆ ಬೇಕು, ಕೆಲಸ ತೋರಿಸಿ' ಎಂದು ಕಾಗದವನ್ನೇ ಕಳಿಸಿದ್ದರು. ಅದಕ್ಕಾಗಿ ಗೌರೀಶ ಎರಡು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಒಂದು ನೀರಿನ ಆ್ಯಪ್ ಕಟ್ಟಿದ್ದ.

ಕಲ್ಲಬಾವಿ ಇರುವುದು ಗುಡಗೇರಿ ಸಂತೆಗೆ ಹೋಗುವ ದಾರಿಯಲ್ಲಿ. ಅಲ್ಲಿ ನಳಕ್ಕೆ ದಿನಕ್ಕೊಂದು ತಾಸು ನೀರು. ಆ ತಾಸು ಯಾವುದೆಂಬುದು ನೀರು ಬಿಡುವ ಮಲಿಕಸಾಬನಿಗೆ ಮಾತ್ರ ಗೊತ್ತು, ಕೆಲವೊಮ್ಮೆ ಅವನಿಗೂ ಗೊತ್ತಿಲ್ಲ. ಊರಿನ ಹೆಂಗಸರು ಬೆಳಗಿನಿಂದ ನಳದ ಮುಂದೆ ಕೊಡ ಇಟ್ಟು, ಕೊಡದ ಮುಂದೆ ತಾವು ಕೂತು ಅರ್ಧ ಆಯುಷ್ಯ ಕಳೆಯುತ್ತಿದ್ದರು.

ಹೋಳಿಗೆ ಮಾಡುವವಳು ಒಬ್ಬರ ಮನೆಯಿಂದ ಬೆಲ್ಲ, ಇನ್ನೊಬ್ಬರ ಮನೆಯಿಂದ ಬೇಳೆ, ಮತ್ತೊಬ್ಬರ ಮನೆಯಿಂದ ತುಪ್ಪ ಕೇಳಿ ತಂದ ಹಾಗೆ, ಗೌರೀಶ ಒಂದು ಕಂಪನಿಯಿಂದ ಕರೆಂಟಿನ ವೇಳೆ, ಇನ್ನೊಂದರಿಂದ ಮಳೆ-ಗಾಳಿಯ ಸುದ್ದಿ, ಮತ್ತೊಂದರಿಂದ ಊರಿನ ನಕ್ಷೆ ತಂದು ಒಂದೇ ಪುಟದಲ್ಲಿ ಕೂಡಿಸಿದ್ದ. ಇಂಥ ಸಾಮಾನು ಕೊಡುವ ಹಿತ್ತಲ ಬಾಗಿಲಿಗೆ ಎಪಿಐ ಎನ್ನುತ್ತಾರೆ. ಕರೆಂಟ್ ಎಷ್ಟು ತಾಸು ಇತ್ತು, ಊರಿನ ನೀರಿನ ಟಾಕಿ ಎಷ್ಟು ತುಂಬಿರಬೇಕು, ಯಾವ ಓಣಿ ಎಷ್ಟು ಎತ್ತರ ಎಂದೆಲ್ಲ ಲೆಕ್ಕ ಹಾಕಿ, 'ಇಂದು ನೀರು ೮.೪೦ಕ್ಕೆ' ಎಂದು ಆ್ಯಪ್ ಎಲ್ಲರ ಫೋನಿಗೂ ಸಂದೇಶ ಕಳಿಸುತ್ತಿತ್ತು. ಇಪ್ಪತ್ತೆರಡು ದಿನದಿಂದ ಅದು ಹೇಳಿದ ನಿಮಿಷಕ್ಕೇ ನೀರು ಬಂದಿತ್ತು. ಒಂದು ನಿಮಿಷವೂ ಆಚೀಚೆ ಇಲ್ಲ. ಗೌರೀಶ ತನ್ನ ಲೆಕ್ಕಕ್ಕೆ ತಾನೇ ಬೆರಗಾಗಿ, ಓಣಿಯಲ್ಲಿ ಸ್ವಲ್ಪ ಎದೆ ಮುಂದೆ ಮಾಡಿ ನಡೆಯಲು ಶುರುಮಾಡಿದ್ದ.

ಆ್ಯಪ್ ಕಲಿಸುವಾಗ ಅವನು ಹೆಂಗಸರಿಗೆ ಹೇಳಿದ್ದ: "ಹೊಸಾ ಸುದ್ದಿ ಬೇಕಾದ್ರ ಬಟ್ಟಿನಿಂದ ಪುಟ ಕೆಳಗ ಎಳೀರಿ."

ಮೈಲಾರವ್ವ ಅದನ್ನು ತನ್ನ ರೀತಿಯಲ್ಲಿ ತಿಳಿದುಕೊಂಡಳು. ನಲವತ್ತು ವರ್ಷ ಕೈಪಂಪಿನ ಬೋರಿಂಗ್ ಹೊಡೆದ ಕೈ ಅದು. ಕೆಳಗೆ ಜಗ್ಗಿದರೆ ನೀರು ಬರುತ್ತದೆ, ಹೆಚ್ಚು ಜಗ್ಗಿದರೆ ಬೇಗ ಬರುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಆ ದಿನ ನಸುಕಿನಲ್ಲಿ ಎದ್ದವಳೇ ಕಟ್ಟೆಯ ಮೇಲೆ ಕೂತು, ಹೆಬ್ಬೆರಳಿನಿಂದ ಫೋನನ್ನು ಒಂದೇ ಸಮನೆ ಎಳೆಯತೊಡಗಿದಳು. ಅವಳು ಸೋತಾಗ ಸೊಸೆ ಎಳೆದಳು. ಇದನ್ನು ನೋಡಿ ಓಣಿಯೆಲ್ಲ ಎಳೆಯಿತು.

ಹವಾಮಾನದ ಕಂಪನಿ ತಾಸಿಗೆ ಸಾವಿರ ಸಲ ಮಾತ್ರ ಪುಕ್ಕಟೆ ಉತ್ತರ ಕೊಡುತ್ತಿತ್ತು. ಒಮ್ಮೆ ಬಂದ ಉತ್ತರವನ್ನು ಇಟ್ಟುಕೊಂಡು ಎಲ್ಲರಿಗೂ ತೋರಿಸುವ ಬುದ್ಧಿ ಗೌರೀಶನಿಗೆ ಹೊಳೆದಿರಲಿಲ್ಲ. ಪ್ರತಿ ಸಲ ಎಳೆದಾಗಲೂ ಆ್ಯಪ್ ಹೋಗಿ ಕಂಪನಿಯ ಬಾಗಿಲು ಬಡಿಯುತ್ತಿತ್ತು. ಎಂಟೂಕಾಲಿಗೆ ಕಂಪನಿ ಬಾಗಿಲು ಹಾಕಿಕೊಂಡಿತು. 'ಉತ್ತರ ಬರದಿದ್ದರೆ ನೀರಿಲ್ಲ ಎಂದು ಹೇಳು' ಎಂದು ಗೌರೀಶನೇ ಆ್ಯಪ್‌ಗೆ ಬರೆದಿಟ್ಟಿದ್ದ. ಊರಿನ ನಾನೂರು ಫೋನುಗಳು ಒಟ್ಟಿಗೆ ಟಣ್ ಎಂದವು: 'ಇಂದು ನೀರು ಬರುವುದಿಲ್ಲ.'

ಮೇಲಿನ ಆಫೀಸಿನ ನೇತ್ರಾ ಮೇಡಂ ಆ್ಯಪ್ ನೋಡಲು ಬರುವುದು ಅದೇ ದಿನ ಹತ್ತು ಗಂಟೆಗೆ.

ಗೌರೀಶ ಹಲ್ಲುಜ್ಜುತ್ತಿದ್ದವನು ಬ್ರಷ್ ಬಾಯಲ್ಲೇ ಇಟ್ಟುಕೊಂಡು ಹೊರಗೆ ಬಂದ. ಮೈಲಾರವ್ವ ಎರಡು ಖಾಲಿ ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಯಾಕೋ ಗೌರೀಶಾ, ನೀರು ಬಂದ್ ಮಾಡೀಯಂತ? ನಾ ನಿನಗೇನ್ ಮಾಡೇನೋ?"

"ಯವ್ವಾ, ನಾ ಬಂದ್ ಮಾಡಿಲ್ಲಬೇ. ಆ್ಯಪ್ ಬರೇ ಹೇಳ್ತೈತಿ, ನೀರು ಬಿಡೂದಿಲ್ಲ."

"ನೀರು ಬರೂ ಮುಂದ ನನ್ನ ಆ್ಯಪ್‌ನಿಂದ ಬಂತು ಅಂತಿದ್ದಿ. ಬರದಿದ್ರ ಆ್ಯಪ್ ಬರೇ ಹೇಳ್ತೈತಿ? ತಗೋ, ಎಳದ ಎಳದ ನನ್ನ ಬಟ್ಟ ಬಾತೈತಿ ನೋಡು."

ಆ ಬಟ್ಟು ನೋಡಿದ ಕೂಡಲೇ ಗೌರೀಶನಿಗೆ ಎಲ್ಲಾ ತಿಳಿಯಿತು. ಬಾಯಲ್ಲಿದ್ದ ನೊರೆ ನುಂಗಿದ.

"ಯವ್ವಾ, ಎಷ್ಟು ಸಲ ಎಳದೀ?"

"ಎಣಿಸಿಲ್ಲಪಾ. ಎರಡು ಕೊಡ ತುಂಬೂವಷ್ಟು ಎಳದೇನಿ."

ಅಷ್ಟರಲ್ಲಿ ಅಧ್ಯಕ್ಷ ಈರಬಸಪ್ಪನವರ ಫೋನು ಬಂತು. ಮೇಡಂ ಬರುತ್ತಾರೆಂದು ಅವರು ಹಾರ, ಶಾಲು, ಮಂಡಕ್ಕಿ-ಮಿರ್ಚಿ ಎಲ್ಲಾ ತಯಾರಿ ಮಾಡಿಸಿದ್ದರು. ಚಹಾಕ್ಕೆ ಮಾತ್ರ ನೀರಿರಲಿಲ್ಲ.

"ಏನಲೇ ಇದು? ಇವತ್ತ ಅದಕ್ಕ ಏನ್ ಧಾಡಿ ಆಗೇತಿ?"

"ಒಂದ ತಾಸು ಊರಾಗ ಯಾರೂ ಫೋನ್ ಎಳೀದಿದ್ರ ಸರಿಯಾಗತೈತ್ರಿ ಅಧ್ಯಕ್ಷರ."

"ಹಂಗಾದ್ರ ಗುಡಿ ಮೈಕಿನ್ಯಾಗ ಹೇಳಿಬಿಡು, ಹೋಗು!"

ಗೌರೀಶ ಗುಡಿಗೆ ಓಡಿ, ಮೈಕು ಹಿಡಿದು, "ಊರಿನ ಎಲ್ಲಾರಿಗೂ ವಿನಂತಿ. ಒಂಬತ್ತರಿಂದ ಹತ್ತರತನಾ ದಯಮಾಡಿ ಯಾರೂ ನೀರಿನ ಆ್ಯಪ್ ತಗೀಬ್ಯಾಡ್ರಿ, ಎಳೀಬ್ಯಾಡ್ರಿ" ಎಂದು ಮೂರು ಸಲ ಕೂಗಿದ. ಅಲ್ಲಿಯವರೆಗೆ ಆ್ಯಪ್ ಎಂದರೇನೆಂದು ತಲೆ ಕೆಡಿಸಿಕೊಳ್ಳದ ಗಂಡಸರೂ, 'ಅಂಥಾದ್ದೇನೈತಿ ಅದರಾಗ' ಎಂದು ಫೋನು ತೆಗೆದರು. ಕಿರಾಣಿ ಅಂಗಡಿಯ ರಹಿಮಾನಸಾಬ ತಕ್ಕಡಿ ಬಿಟ್ಟು ಎಳೆದ. ಹೊಲದಲ್ಲಿದ್ದವರು ಬದುವಿನ ಮೇಲೆ ಕೂತು ಎಳೆದರು. ಹೊಸ ತಾಸಿನ ಸಾವಿರ ಉತ್ತರಗಳು ಒಂಬತ್ತು ಗಂಟೆ ಏಳು ನಿಮಿಷಕ್ಕೆ ಮುಗಿದುಹೋದವು. ಆಮೇಲೂ ಎಳೆಯುವುದು ನಿಲ್ಲಲಿಲ್ಲ, ಆ್ಯಪ್ 'ನೀರಿಲ್ಲ' ಎನ್ನುತ್ತಲೇ ಇತ್ತು.

ಕೈಯಿಂದ ವೇಳೆ ತುಂಬಿಸುವ ಪುಟವೊಂದು ಆ್ಯಪ್ ಒಳಗೆ ಇತ್ತು. ಅದರ ಗುಟ್ಟು ಗೌರೀಶನೊಬ್ಬನಿಗೇ ಗೊತ್ತು. ಆದರೆ ಮೂರು ಎಪಿಐ ಕೂಡಿಸಿ ಲೆಕ್ಕ ಹಾಕುವ ಆ್ಯಪ್‌ಗೆ ಕೈಯಿಂದ ಉತ್ತರ ಬರೆಯುವುದೆಂದರೆ ಪರೀಕ್ಷೆಯಲ್ಲಿ ನಕಲು ಮಾಡಿದ ಹಾಗೆ. ಇಪ್ಪತ್ತೆರಡು ದಿನ ಅದನ್ನು ಮುಟ್ಟಿರಲಿಲ್ಲ, ಈಗಲೂ ಮುಟ್ಟಲು ಮನಸ್ಸಾಗಲಿಲ್ಲ. ನೀರನ್ನಾದರೂ ಬಿಡಿಸಿದರೆ ಮಾನ ಉಳಿದೀತೆಂದು ಮಲಿಕಸಾಬನಿಗೆ ಫೋನು ಮಾಡಿದ. ಫೋನು ತಗುಲಿತು, ಅವನು ಎತ್ತಲಿಲ್ಲ. ಹತ್ತಕ್ಕೆ ಸರಿಯಾಗಿ ಮೇಡಂ ಜೀಪು ಬಂದು ನಿಂತಿತು.

ನೇತ್ರಾ ಮೇಡಂ ಹಾರ ಹಾಕಿಸಿಕೊಳ್ಳಲಿಲ್ಲ, ಮಿರ್ಚಿ ಮುಟ್ಟಲಿಲ್ಲ. "ಮೊದ್ಲ ಟಾಕಿ ನೋಡೂಣು ನಡೀರಿ" ಎಂದರು. ಮುಂದೆ ಮೇಡಂ, ಅವರ ಹಿಂದೆ ಅಧ್ಯಕ್ಷರು, ಅಧ್ಯಕ್ಷರ ಹಿಂದೆ ಗೌರೀಶ, ಗೌರೀಶನ ಹಿಂದೆ ಖಾಲಿ ಕೊಡ ಹಿಡಿದ ಇಡೀ ಓಣಿ ಹೊರಟಿತು.

ಟಾಕಿಯ ಬುಡಕ್ಕೆ ಹೋದರೆ ಎಲ್ಲರ ಕಾಲೂ ಕೆಸರಿನಲ್ಲಿ ಹೂತವು. ರಾತ್ರಿಯೆಲ್ಲ ಕರೆಂಟ್ ಇದ್ದು ಟಾಕಿ ತುಂಬಿ, ನಾಲ್ಕೂ ಕಡೆಯಿಂದ ಧೋ ಎಂದು ಸುರಿಯುತ್ತಿತ್ತು. ಅದರ ಕೆಳಗೆ, ಒಂದು ಕಲ್ಲಿನ ಮೇಲೆ ಮಲಿಕಸಾಬ ಛತ್ರಿ ಬಿಚ್ಚಿಕೊಂಡು ಕೂತು ಫೋನು ನೋಡುತ್ತಿದ್ದ.

"ಕಾಕಾ! ನೀರು ಹರದು ಹೊಂಟೈತಿ, ವಾಲ್ ತಗೀರಿ!" ಗೌರೀಶ ಚೀರಿದ.

ಮಲಿಕಸಾಬ ಶಾಂತವಾಗಿ ಫೋನು ತಿರುಗಿಸಿ ತೋರಿಸಿದ. "ಇವತ್ತ ನೀರಿಲ್ಲ ಅಂತ ಐತೆಪಾ."

"ನಿಮ್ಮ ನೆತ್ತಿ ಮ್ಯಾಲ ಸುರಿಯಾಕತ್ತೈತಲ್ರಿ!"

"ಅದು ನನಗೂ ಕಾಣತೈತಿ. ಆದ್ರ ಇದರಾಗ ಇಲ್ಲ."

"ಆ ಆ್ಯಪ್ ಮಾಡಿದಾಂವ ನಾನ ಹೇಳಾಕತ್ತೇನಿ ಕಾಕಾ, ತಗೀರಿ!"

"ನೀ ಮಾಡಿದ್ರೂ ಅಷ್ಟ, ಯಾರ್ ಮಾಡಿದ್ರೂ ಅಷ್ಟ. ಇಪ್ಪತ್ತೆರಡು ದಿನದಿಂದ ಆ್ಯಪ್ ಎಷ್ಟಕ್ಕ ಅಂತೈತಿ ಅಷ್ಟಕ್ಕ ಬಿಡಾಕತ್ತೇನಿ, ಒಂದ್ ನಿಮಿಷ ತಪ್ಪಿಲ್ಲ. ಮನಿಗೆ ಬಂದು ಅಧ್ಯಕ್ಷರ ಹೇಳ್ಯಾರ, ಆ್ಯಪ್ ಸುಳ್ಳಾಗಬಾರ್ದು, ನಿನ್ನ ತಲಿ ಓಡಿಸಬ್ಯಾಡ ಅಂತ. ನನಗೂ ಅಗದಿ ಆರಾಮಾತು. ಮೊದ್ಲ ಹೊತ್ತಾದ್ರ ಮಂದಿ ನನಗ ಬೈತಿದ್ರು. ಈಗ ನಿನಗ ಬೈತಾರ."

ಇಪ್ಪತ್ತೆರಡು ದಿನದ ಗೌರೀಶನ ಹೆಮ್ಮೆ ಟಾಕಿಯ ನೀರಿನ ಜೊತೆ ಗಟಾರಕ್ಕೆ ಹರಿದುಹೋಯಿತು. ಕರೆಂಟಿನ ವೇಳೆ, ಮಳೆ-ಗಾಳಿ, ನಕ್ಷೆ ಎಲ್ಲ ಕೂಡಿಸಿದ ಅವನ ಲೆಕ್ಕ ಸರಿಯೋ ತಪ್ಪೋ ಯಾರಿಗೂ ಗೊತ್ತೇ ಆಗಿರಲಿಲ್ಲ; ಅದು ಏನು ಹೇಳಿದರೂ ಮಲಿಕಸಾಬ ನಿಜ ಮಾಡುತ್ತಿದ್ದ. ಈರಬಸಪ್ಪನವರು ಕೆಸರಿನಲ್ಲಿ ತಮ್ಮ ಚಪ್ಪಲಿ ಹುಡುಕುವುದರಲ್ಲಿ ಬಹಳ ಮಗ್ನರಾಗಿದ್ದರು.

ಮೇಡಂ ಕೈಗಡಿಯಾರ ನೋಡಿದರು. "ಒಟ್ಟಿನ್ಯಾಗ ಇವತ್ತ ನೀರು ಬರತೈತೋ ಇಲ್ಲೋ?"

ಇನ್ನು ಮಾನ ನೋಡಿದರೆ ನೌಕರಿ ಉಳಿಯುವುದಿಲ್ಲ ಎಂದುಕೊಂಡ ಗೌರೀಶ, ಫೋನು ತೆಗೆದು, ಗುಟ್ಟಿನ ಪುಟ ಬಿಚ್ಚಿ, '೧೦.೨೫' ಎಂದು ಒತ್ತಿದ. ನಾನೂರು ಫೋನುಗಳು ಟಣ್ ಎಂದವು. ಮಲಿಕಸಾಬ ತನ್ನದನ್ನು ಓದಿದ, ಇನ್ನೂ ಎರಡು ನಿಮಿಷ ಇದೆಯೆಂದು ಎರಡು ನಿಮಿಷ ಕಾದ, ಆಮೇಲೆ ಛತ್ರಿ ಮಡಚಿ ಎದ್ದು ವಾಲ್ ತಿರುಗಿಸಿದ. ಊರೊಳಗಿಂದ, "ಬಂತು! ನೀರು ಬಂತು!" ಎಂಬ ಕೂಗು ಎದ್ದಿತು. ಮೈಲಾರವ್ವ ಕೊಡ ಎತ್ತಿಕೊಂಡು ಓಡುತ್ತಲೇ, "ನಾ ಮುಂಜಾನಿಂದ ಎಳದಿದ್ದಕ್ಕ ಬಂತು!" ಎಂದಳು.

ಮೇಡಂ ಮುಖ ಅರಳಿತು. "ಭಾಳ ಚಲೋ ಐತಿ! ಈಗ ನೀವು ಟೈಮ್ ಹಾಕಿದ್ರಿ, ಅವರು ಬಿಟ್ರು, ಊರಿಗೆಲ್ಲಾ ಸುದ್ದಿ ಹೋತು. ಈ ಟೈಮ್ ಹಾಕಾಕ ಎಷ್ಟೊತ್ತು ಹಿಡೀತೈತಿ?"

ಹೊಗಳಿಕೆ ಕೇಳಿ ಜೀವ ಬಂದಿದ್ದ ಗೌರೀಶ ಹೆಮ್ಮೆಯಿಂದಲೇ ಹೇಳಿದ: "ಎರಡ ಸೆಕೆಂಡ್ರಿ ಮೇಡಂ. ಯಾರ್ ಬೇಕಾದ್ರೂ ಹಾಕಬಹುದ್ರಿ, ಅಷ್ಟು ಸರಳ ಮಾಡೇನ್ರಿ."

ಮೇಡಂ ಅದನ್ನು ಡೈರಿಯಲ್ಲಿ ಬರೆದುಕೊಂಡರು. ಈ ಸಲ ಶಾಲು ಹೊದಿಸಿಕೊಂಡರು, ಚಹಾ ಕುಡಿದರು, ಗೌರೀಶನ ಜೊತೆ ಫೋಟೋ ತೆಗೆಸಿಕೊಂಡು ಹೋದರು. ಗೌರೀಶ ಮಧ್ಯಾಹ್ನ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಸಂಜೆ ಐದಕ್ಕೆ ಅಧ್ಯಕ್ಷರು ಕರೆದು ಮೇಲಿನ ಆಫೀಸಿನ ಆದೇಶ ತೋರಿಸಿದರು. ಗೌರೀಶ ನಗುತ್ತಲೇ ಓದಲು ಶುರುಮಾಡಿದ.

'ಕಲ್ಲಬಾವಿಯ ಆ್ಯಪ್ ಅತ್ಯುತ್ತಮವಾಗಿದ್ದು, ಅದರ ಕೆಲಸ ಎರಡು ಸೆಕೆಂಡಿನದಾಗಿರುವುದರಿಂದ ಪ್ರತ್ಯೇಕ ಆಪರೇಟರ್ ಹುದ್ದೆಯ ಅಗತ್ಯ ಕಂಡುಬರುವುದಿಲ್ಲ. ಆ್ಯಪ್‌ನ ಸಂಪೂರ್ಣ ಜವಾಬ್ದಾರಿಯನ್ನು ನೀರು ಬಿಡುವ ಶ್ರೀ ಮಲಿಕಸಾಬ ಇವರಿಗೆ ವಹಿಸಲಾಗಿದೆ. ಅವರಿಗೆ ಕೆಲಸದ ಹೊರೆ ಹೆಚ್ಚಾದ ಕಾರಣ, ಗುತ್ತಿಗೆಯ ಮೇಲೆ ಒಬ್ಬ ಸಹಾಯಕನನ್ನು ಒದಗಿಸಬಹುದು.'

"ಚಿಂತಿ ಮಾಡಬ್ಯಾಡೋ ತಮ್ಮಾ," ಈರಬಸಪ್ಪನವರು ಅವನ ಬೆನ್ನು ಸವರಿದರು. "ಆ ಸಹಾಯಕನ ಜಾಗಾಕ್ಕ ನಿನ್ನ ಹೆಸರ ಬರಸೇನಿ."

ಗೌರೀಶ ಕಾಲೆಳೆಯುತ್ತ ಹೊರಗೆ ಬಂದ. ಪಂಚಾಯಿತಿ ಕಟ್ಟೆಯ ಮೇಲೆ ಮಲಿಕಸಾಬ ಫೋನು ಹಿಡಿದು ಇವನಿಗಾಗಿಯೇ ಕಾಯುತ್ತ ಕೂತಿದ್ದ. ಮುಖದಲ್ಲಿ ಹೊಸ ಅಧಿಕಾರದ ಗಾಂಭೀರ್ಯ ಇತ್ತು, ಅದರ ಕೆಳಗೆ ಸ್ವಲ್ಪ ಗಾಬರಿಯೂ ಇತ್ತು.

"ಗೌರೀಶಾ, ನಾಳಿಂದ ಟೈಮ್ ನಾನ ಹಾಕಬೇಕಂತ. ಎಷ್ಟಕ್ಕ ಅಂತ ಹಾಕ್ಲಿ? ಮುಂಜಾನೆ ಟಾಕಿ ಮ್ಯಾಲ ಹತ್ತಿ, ನೀರು ಎಷ್ಟೈತಿ ಅಂತ ಹಣಿಕಿ ನೋಡಿ ಹೇಳಾಕ ಒಬ್ಬಾಂವ ಬೇಕಲ್ಲಪಾ. ನನಗ ಮೊಳಕಾಲು ನೋವು, ಹತ್ತಾಕಾಗೂದಿಲ್ಲ. ಐದಕ್ಕ ಬಂದುಬಿಡು."