ನಮ್ಮ ಮೂರನೇ ಮಹಡಿಗೆ ತಾವು ದಯಪಾಲಿಸಿದ ಸೊನ್ನೆಯ ಕುರಿತು

ಇಡೀ ಖಂಡದ ಭೂಕಂಪ ಅಪಾಯದ ನಕ್ಷೆಯನ್ನು ಬರೆಸಿ, ತಾವೇ ಪರಿಶೀಲಿಸಿ, ಸರಿಯಾಗಿದೆ ಎಂದು ಮುದ್ರೆಯೊತ್ತಿದ ತಜ್ಞ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಸಿದ್ಧ ಉಡುಪಿನ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಕೂತು ಅಂಗಿಗೆ ಕಾಲರ್ ಹೊಲಿಯುವವಳೊಬ್ಬಳು ತಮ್ಮಂಥವರಿಗೆ ಪತ್ರ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೆ ತಮ್ಮ ನಾನೂರು ಪುಟಗಳ ವರದಿಯನ್ನು ನಾವು ಕಾರ್ಮಿಕ ಸಂಘದ ಕೋಣೆಯಲ್ಲಿ ಆರು ಭಾನುವಾರ ಕೂತು, ಗಣಿತದ ಮೇಷ್ಟ್ರೊಬ್ಬರನ್ನು ಕಾಡಿ ಬೇಡಿ ಕರೆತಂದು ಓದಿಸಿಕೊಂಡಿದ್ದೇವೆ. ಅಷ್ಟು ಓದಿದ ಮೇಲೂ ತಮ್ಮನ್ನು ಹೊಗಳದೆ ಸುಮ್ಮನಿದ್ದರೆ ನಮ್ಮಂಥ ಕೃತಘ್ನರು ಬೇರೆ ಇರಲಿಕ್ಕಿಲ್ಲ.

ಒಂದು ಖಂಡವನ್ನೇ ಹತ್ತು ಹತ್ತು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ನೆಲ ಎಷ್ಟು ಜೋರಾಗಿ ನಡುಗಬಹುದೆಂದು ಲೆಕ್ಕ ಹಾಕಿ ಬಣ್ಣ ಬಳಿದವರು ತಾವು. ಬಟ್ಟೆ ಕತ್ತರಿಸುವ ನಮಗೆ ಆ ಕತ್ತರಿಯ ಅಂದ ಚೆನ್ನಾಗಿ ಅರ್ಥವಾಗುತ್ತದೆ. ಹೆಚ್ಚು ಅಪಾಯಕ್ಕೆ ಕೆಂಪು, ನಡುವಿನದಕ್ಕೆ ಕಿತ್ತಳೆ, ಕಡಿಮೆ ಅಪಾಯಕ್ಕೆ ಹಸಿರು. ನಮ್ಮ ಪಾಲಿಗೆ ಬಂದದ್ದು ಹಸಿರು. ಲೆಕ್ಕ ಹಾಕಿ ಕೈತೊಳೆದುಕೊಳ್ಳದೆ, ಅದು ನಿಜವೋ ಸುಳ್ಳೋ ಎಂದು ಪರೀಕ್ಷೆಯನ್ನೂ ಮಾಡಿದಿರಿ: ಕಳೆದ ಮೂವತ್ತು ವರ್ಷಗಳಲ್ಲಿ ಭೂಮಿ ನಡುಗಿದಾಗ ಯಾವ ಯಾವ ಬೀದಿಯ ಜನ 'ನಮಗೆ ತಿಳಿಯಿತು' ಎಂದು ಭೂಕಂಪ ಇಲಾಖೆಗೆ ಬರೆದು ತಿಳಿಸಿದ್ದಾರೆಂದು ಹುಡುಕಿ, ಲೆಕ್ಕದ ಪಕ್ಕದಲ್ಲಿಟ್ಟು ತಾಳೆ ನೋಡಿದಿರಿ. ನಮ್ಮ ಬೀದಿಯ ಮುಂದೆ ಸೊನ್ನೆ ಇತ್ತು. ಹೆಚ್ಚು ನಡುಗದು ಎಂದು ತಮ್ಮ ಲೆಕ್ಕ ಹೇಳಿತ್ತು, ನಡುಗಿತೆಂದು ಯಾರೂ ಬರೆದಿರಲಿಲ್ಲ, ಆದ್ದರಿಂದ ತಮ್ಮ ಲೆಕ್ಕ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಯಿತು. ನಾವು ಬರೆಯದೆ ಇದ್ದದ್ದು ಹೀಗೆ ವಿಜ್ಞಾನಕ್ಕೆ ನೆರವಾದದ್ದನ್ನು ಓದಿ ಕಾಲರ್ ವಿಭಾಗದ ನೂರ ನಲವತ್ತು ಹೆಂಗಸರಿಗೂ ಬಹಳ ಹೆಮ್ಮೆಯೆನಿಸಿತು.

ಈ ಸೊನ್ನೆಯನ್ನು ನಾವು ಹೇಗೆ ಸಂಪಾದಿಸಿದೆವೆಂಬುದನ್ನು ತಮ್ಮ ಗಮನಕ್ಕೆ ತರಬೇಕು. ನಮ್ಮ ಮಹಡಿಯಲ್ಲಿ ನೂರ ನಲವತ್ತು ಹೊಲಿಗೆ ಯಂತ್ರಗಳು, ಕೆಳಗಿನ ಮಹಡಿಯಲ್ಲಿ ಇಸ್ತ್ರಿಯ ದೊಡ್ಡ ಯಂತ್ರಗಳು, ಗೋಡೆಯ ಆಚೆ ಜನರೇಟರ್. ನೆಲ ಬೆಳಗಿನಿಂದ ಸಂಜೆಯವರೆಗೆ ನಡುಗುತ್ತಲೇ ಇರುತ್ತದೆ. ಮೇಜಿನ ಮೇಲಿಟ್ಟ ಕತ್ತರಿ ತಾನಾಗಿ ನಡೆದು ಕೆಳಗೆ ಬೀಳುತ್ತದೆಂದು ಅದನ್ನು ದಾರದಲ್ಲಿ ಕಟ್ಟಿಡುತ್ತೇವೆ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ ಕತ್ತರಿಗಳು ಕಟ್ಟಿದ ದಾರವನ್ನೇ ಜಗ್ಗತೊಡಗಿದವು. ನಿಮಿಷ ನಿಮಿಷಕ್ಕೂ ಕೈಗಡಿಯಾರ ನೋಡುವುದರಿಂದ ನಾವು 'ಗಡಿಯಾರ' ಎಂದೇ ಕರೆಯುವ ಮೇಲ್ವಿಚಾರಕರು, "ಯಾರಮ್ಮಾ ಅದು, ಮೆಷಿನ್ನು ಹಿಂಗೆ ಓಡಿಸ್ತಿರೋದು? ನಿಧಾನಕ್ಕೆ ತುಳೀರಿ!" ಎಂದು ಕೂಗಿದರು. ಕಂಬದ ಪಕ್ಕದಲ್ಲಿ ಗುಂಡಿಗೆ ಕಾಜಾ ಹಾಕುವ ನನ್ನ ಅತ್ತಿಗೆ, "ನನ್ ಮೆಷಿನ್ ನಿಂತೈತೆ ಸಾರ್, ನೆಲಕ್ಕೇ ಹೇಳಿ" ಎಂದಳು. ಇಡೀ ಸಾಲು ನಕ್ಕಿತು. ಮೆಕ್ಯಾನಿಕ್ ಬಂದು ಆರು ಯಂತ್ರಗಳ ಬೋಲ್ಟ್ ಬಿಗಿಮಾಡಿ, ದುರಸ್ತಿ ಪುಸ್ತಕದಲ್ಲಿ 'ಸಡಿಲವಾಗಿದ್ದವು, ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿದ. ಭೂಕಂಪವೊಂದನ್ನು ಸ್ಪ್ಯಾನರಿನಲ್ಲಿ ಬಿಗಿದು ನಿಲ್ಲಿಸಿದ ಕೀರ್ತಿ ಖಂಡದಲ್ಲಿ ಅವನೊಬ್ಬನಿಗೇ ಸಲ್ಲಬೇಕು. ತಮ್ಮ ಮುಂದಿನ ಆವೃತ್ತಿಯಲ್ಲಿ ಅವನ ಹೆಸರು ಬರಲೆಂದು ಶಿಫಾರಸು ಮಾಡುತ್ತೇನೆ.

ಊಟಕ್ಕೆ ಕೆಳಗಿಳಿದಾಗ ಗೇಟಿನ ಹಣ್ಣಿನವಳು, "ಏನ್ರೇ, ಊರೆಲ್ಲ ಬೀದಿಗೆ ಓಡಿ ಬಂದಿದ್ರೆ ನೀವ್ಯಾರೂ ಕೆಳಗಿಳೀಲೇ ಇಲ್ವಲ್ಲ, ಎಂಥಾ ಗಟ್ಟಿ ಜೀವ ನಿಮ್ದು!" ಎಂದಳು. ಆದದ್ದು ಭೂಕಂಪವೆಂದು ನಮಗೆ ಗೊತ್ತಾದದ್ದು ಆಗಲೇ. ಗಟ್ಟಿ ಜೀವವಲ್ಲ, ಮಾನ್ಯರೇ. ದಿನವಿಡೀ ನಡುಗುವವರಿಗೆ ಇನ್ನೊಂದು ನಡುಕ ಬಂದದ್ದು ತಿಳಿಯಲಿಲ್ಲ, ಅಷ್ಟೇ. ತಿಳಿಯದ್ದನ್ನು ಇಲಾಖೆಗೆ ಬರೆಯುವುದು ಹೇಗೆ? ತಿಳಿದಿದ್ದ ಹಣ್ಣಿನವಳನ್ನು ಕೇಳಲು ಇಲಾಖೆಯಿಂದ ಯಾರೂ ಬರಲಿಲ್ಲ.

ಆದರೆ ಕಂಬಕ್ಕೆ ತಿಳಿದಿತ್ತು. ಅದು ಅಂದು ಕೂದಲಿನಷ್ಟು ಬಿರುಕು ಬಿಟ್ಟಿತು. ಅತ್ತಿಗೆ ಅದರೊಳಗೆ ಹೊಲಿಗೆಯ ದಾರ ತೂರಿಸಿ ಅಳತೆ ಇಟ್ಟುಕೊಂಡಳು: ಮೊದಲ ತಿಂಗಳು ಮೂರು ಎಳೆ ಹಿಡಿಸಿದ್ದು, ಕಾರ್ಖಾನೆಯ ಗೋಡೆಗಳಿಗೆ ಬಣ್ಣ ಬಳಿದ ವರ್ಷ ಏಳು, ಈಗ ಹತ್ತೊಂಬತ್ತು. ತಮ್ಮ ಉಪಕರಣಗಳ ಮುಂದೆ ಇದು ಏನೇನೂ ಅಲ್ಲವೆಂದು ಒಪ್ಪುತ್ತೇನೆ. ಅತ್ತಿಗೆಯ ಬಳಿ ಉಪಗ್ರಹವಿಲ್ಲ, ನಂಬರ್ ನಲವತ್ತರ ದಾರದ ಉಂಡೆ ಇದೆ.

ನಮ್ಮ ಕೇಳಿಕೆ ಇಷ್ಟೇ ಇತ್ತು: ಕಂಬವನ್ನು ತಪಾಸಣೆ ಮಾಡಿಸಿ, ಭದ್ರಪಡಿಸಿ. ಮ್ಯಾನೇಜರ್ ಸಾಹೇಬರು ನಗರದ ಕಟ್ಟಡ ಕಚೇರಿಯಿಂದ ಬಂದ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಲಿಫ್ಟಿನ ಪಕ್ಕ ತೂಗುಹಾಕಿದ್ದಾರೆ. ಹಸಿರು ಚೌಕದ ಕಟ್ಟಡಗಳಿಗೆ ತಪಾಸಣೆ ಕಡ್ಡಾಯವಲ್ಲವೆಂದು ಅದರಲ್ಲಿದೆ, ಕೆಳಗೆ ಸಾಕ್ಷಿಗೆ ತಮ್ಮ ವರದಿಯ ಪುಟಸಂಖ್ಯೆ. "ಇಡೀ ಖಂಡದ ವಿಜ್ಞಾನಿಗಳು ಏನೂ ಆಗಲ್ಲ ಅಂತಿದಾರೆ, ನೀನು ದಾರದ ಉಂಡೆ ಹಿಡ್ಕೊಂಡು ಬಂದಿದೀಯಲ್ಲಮ್ಮ" ಎಂದರು ಅತ್ತಿಗೆಗೆ. ಏನೂ ಆಗುವುದಿಲ್ಲವೆಂದು ತಾವು ಎಲ್ಲಿಯೂ ಬರೆದಿಲ್ಲವೆಂಬುದನ್ನು ಮೇಷ್ಟ್ರು ತೋರಿಸಿಕೊಟ್ಟರು. ಇನ್ನೂರ ಹನ್ನೆರಡನೇ ಪುಟದ ಅಡಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, 'ವರದಿ ಬಾರದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದು' ಎಂದು ತಾವು ಪ್ರಾಮಾಣಿಕವಾಗಿಯೇ ಬರೆದಿದ್ದೀರಿ. ಆ ಬೇರೆ ಕಾರಣಗಳೇ ನಾವು. ಖಂಡದ ವಿಜ್ಞಾನದಲ್ಲಿ ನಮಗೆ ಸಿಕ್ಕಿರುವ ಜಾಗ ಅಷ್ಟು. ನಕ್ಷೆಯ ಬಣ್ಣ ಗೋಡೆಗೆ ಹೋಯಿತು. ಅಡಿಟಿಪ್ಪಣಿಗೆ ಯಾರೂ ಕಟ್ಟು ಹಾಕಿಸಲಿಲ್ಲ.

ಆದಕಾರಣ ಸವಿನಯವಾಗಿ ಬೇಡುವುದೇನೆಂದರೆ, ನಮ್ಮ ಚೌಕಕ್ಕೆ ಬರುವ ಮುಂದಿನ ಭೂಕಂಪವನ್ನು ದಯವಿಟ್ಟು ಊಟದ ಅರ್ಧ ಗಂಟೆಯೊಳಗೆ, ಯಂತ್ರಗಳು ನಿಂತಿರುವಾಗ ಕಳುಹಿಸಿಕೊಡಿ. ನೂರ ನಲವತ್ತು ಜನರೂ ಕೈತೊಳೆದು 'ನಮಗೆ ತಿಳಿಯಿತು' ಎಂಬ ಅರ್ಜಿ ತುಂಬಿ ಕೊಡುತ್ತೇವೆ. ಅದು ಸಾಧ್ಯವಾಗದಿದ್ದರೆ ಚೌಕದ ಗೆರೆಯನ್ನಾದರೂ ಇನ್ನಷ್ಟು ದಪ್ಪಗೆ ಎಳೆಸಿ, ಪಕ್ಕದ ಕಿತ್ತಳೆ ಚೌಕದಿಂದ ಹೊರಟ ನಡುಕಕ್ಕೆ ಗಡಿ ಕಾಣಲಿ. ಲೆಕ್ಕ ಮೀರಿ ನಡುಗುವುದಕ್ಕೆ ಐವತ್ತು ವರ್ಷದಲ್ಲಿ ಹತ್ತು ಪ್ರತಿಶತ ಸಂಭವವೆಂದು ತಾವು ಬರೆದದ್ದನ್ನು ಮೇಷ್ಟ್ರು ವಿವರಿಸಿದಾಗ ಅತ್ತಿಗೆ, "ನಾನು ರಿಟೈರ್ ಆಗೋಕೆ ಇನ್ನು ಒಂಬತ್ತೇ ವರ್ಷ, ನನ್ ಪಾಲಿಗೆ ಎಷ್ಟು ಬರತ್ತೆ ನೋಡಿ ಹೇಳಿ ಮೇಷ್ಟ್ರೇ" ಎಂದಳು; ಅದನ್ನೂ ಲೆಕ್ಕ ಹಾಕಿಸಿಕೊಡಿ. ಇದ್ಯಾವುದೂ ಆಗದಿದ್ದರೆ ಒಂದನ್ನಾದರೂ ಮಾಡಿ. 'ತಿಳಿಯಲಿಲ್ಲ' ಎಂದವರಿಗೂ, ಯಾರೂ ಕೇಳದೇ ಬಿಟ್ಟವರಿಗೂ ಒಂದೇ ಸೊನ್ನೆ ಬರೆಯಬೇಡಿ. ಕೇಳದೇ ಬಿಟ್ಟ ಜಾಗವನ್ನು ಬಣ್ಣವಿಲ್ಲದೆ ಖಾಲಿ ಬಿಡಿ. ಖಾಲಿ ಚೌಕಕ್ಕೆ ಯಾವ ಮ್ಯಾನೇಜರನೂ ಕಟ್ಟು ಹಾಕಿಸಲಾರ.

ಕಂಬ ನಿಂತಿರುವವರೆಗೆ ತಮ್ಮ ವಿಶ್ವಾಸಿ,
ಕಾಲರ್ ವಿಭಾಗದ ಹೊಲಿಗೆಯವಳು, ಸಂಘದ ಕಾರ್ಯದರ್ಶಿ

ಮರೆತ ಮಾತು: ಸೋಮವಾರದಿಂದ ನಾವ್ಯಾರೂ ಮೂರನೇ ಮಹಡಿಗೆ ಹತ್ತುವುದಿಲ್ಲ, ಕಂಬಕ್ಕೆ ಕಬ್ಬಿಣದ ಕವಚ ಬೀಳುವವರೆಗೆ ಅಂಗಳದಲ್ಲೇ ಕೂರುವುದೆಂದು ನೂರ ನಲವತ್ತು ಜನರೂ ಸಹಿ ಹಾಕಿದ್ದೇವೆ. ಮೊದಲ ಸಹಿ ಅತ್ತಿಗೆಯದು, ಕೊನೆಯದು, ನೂರ ನಲವತ್ತೊಂದನೆಯದು, ಮೇಲ್ವಿಚಾರಕ ಗಡಿಯಾರದವರದು. ಮಹಡಿ ಪೂರ್ತಿ ನಿಶ್ಶಬ್ದವಾಗಿರುತ್ತದೆ, ನೆಲದ ಸಣ್ಣ ಅಲುಗಾಟವೂ ಗೊತ್ತಾಗುತ್ತದೆ. ಉಪಕರಣ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಮತ್ತೆ ಬಾರದು. ತಾವೇ ಹೊತ್ತು ತನ್ನಿ, ಮೆಟ್ಟಿಲಿನವರೆಗೆ ನಾವು ದಾರಿ ತೋರಿಸುತ್ತೇವೆ. ಮೇಲಕ್ಕೆ ಮಾತ್ರ, ಹಸಿರು ಬಣ್ಣದ ಮೇಲೆ ನಂಬಿಕೆ ಇರುವವರು ಹತ್ತಬೇಕು.